ಧಾರೆಯ ಫೋಟೊದಲ್ಲಿ ಅಕ್ಕ

೨೦೨೫, ಜನವರಿ ೧೯, ಭಾನುವಾರ

ಕಂಪ್ಯೂಟರಿನೊಳಗೆ ಒಬ್ಬರ ಪಕ್ಕ ಇನ್ನೊಬ್ಬರನ್ನು ತಂದು ನಿಲ್ಲಿಸುವ ವಿದ್ಯೆಯನ್ನು ಪ್ರಪಂಚಕ್ಕೆ ಕಂಡುಹಿಡಿದು ಕೊಟ್ಟವನು ನಾನು, ಹೊಳೆನರಸೀಪುರದ ಫೋಟೊ ರಂಗಸ್ವಾಮಿ. ಅಮೆರಿಕದವರು ಆಮೇಲೆ ನನ್ನನ್ನು ನೋಡಿ ಕಲಿತುಕೊಂಡು ಅದಕ್ಕೆ ಫೋಟೊಶಾಪ್ ಅಂತ ಹೆಸರಿಟ್ಟುಕೊಂಡರು. ಹೊರಗೆ ಹೇಳಿದರೆ ಜನ ಹೊಟ್ಟೆಕಿಚ್ಚು ಪಡುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ದಿನಚರಿ ಪುಸ್ತಕ ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು. ಕಾಗದ ನುಣುಪಾಗಿದೆ, ನನ್ನ ಅಕ್ಷರಕ್ಕೆ ತಕ್ಕ ಹಾಗಿದೆ.

ಇವತ್ತು ಬಾಗೂರಿಗೆ ಹೋಗಿದ್ದೆ. ಅಕ್ಕ ಸುಬ್ಬಮ್ಮನ ಮಗಳು ನಿಸರ್ಗಳಿಗೆ ಮದುವೆ ಗೊತ್ತಾಗಿದೆ. ಹುಡುಗ ರಜನೀಶ, ಚನ್ನರಾಯಪಟ್ಟಣದವನು. ಅವನ ತಂದೆ ರವೀಂದ್ರ ಪೈಪು ಮೋಟರು ಮಾರುವ ಅಂಗಡಿ ಇಟ್ಟಿದ್ದಾರೆ. ಫೋಟೊ, ಆಲ್ಬಮ್ ಎರಡರ ಖರ್ಚೂ ಗಂಡಿನ ಕಡೆಯದು ಅಂತ ಮಾತಾಗಿ ಆ ಕೆಲಸ ನನಗೇ ಬಂದಿದೆ. ನನ್ನಂಥವನು ಸೋದರಮಾವನಾಗಿರುವಾಗ ಇನ್ಯಾರಿಗೆ ಕೊಡುತ್ತಾರೆ?

ಮನೆಯಲ್ಲಿ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಭಾವ ತೀರಿಕೊಂಡು ಮೂರು ವರ್ಷವಾಯಿತು. ಧಾರೆ ಎರೆಯುವುದಕ್ಕೆ ಭಾವನ ತಮ್ಮ ಶಶಿಕುಮಾರನೂ ಅವನ ಹೆಂಡತಿ ರೂಪಶ್ರೀಯೂ ಅಂತ ತೀರ್ಮಾನವಾಗಿದೆ. ಗಂಡ ಇಲ್ಲದವಳು ಧಾರೆಯ ಹೊತ್ತಿಗೆ ಮಂಟಪ ಹತ್ತುವುದು ನಮ್ಮ ಮನೆತನದಲ್ಲಿ ನಡೆದು ಬಂದಿಲ್ಲ. ಅಕ್ಕ, ಅಡುಗೆ ಕಡೆ ಇರುತ್ತೇನೆ ಅಂತಾಳೆ.

"ಅಮ್ಮ ಇಲ್ದಿರೋ ಧಾರೆ ಫೋಟೊ ನಂಗ್ ಬ್ಯಾಡ ಮಾವ. ಆ ಆಲ್ಬಮ್ಮೇ ಬ್ಯಾಡ" ಅಂದಳು ನಿಸರ್ಗ.

"ನಾನ್ ಮೆಟ್ಲತ್ತಿದ್ರೆ ನಾಕ್ ಜನ ಏನಂದಾರು? ಸುಮ್ಕಿರೇ" ಅಂದಳು ಅಕ್ಕ.

ಇಂಥ ಹೊತ್ತಿನಲ್ಲಿ ತಲೆ ಇರುವವರು ಮಾತಾಡಬೇಕು. ನಾನೇ ಮಾತಾಡಿದೆ. "ಇಬ್ರೂ ಬಾಯ್ ಮುಚ್ಕಳಿ. ಅಕ್ಕ ಮೆಟ್ಲತ್ತದೂ ಬ್ಯಾಡ, ಮಗಳು ಅಳದೂ ಬ್ಯಾಡ. ಅಕ್ಕನ ಫೋಟೊ ಮನೇಲೇ ಬ್ಯಾರೆ ತಗದು ಧಾರೆ ಫೋಟೊಗೆ ಸೇರಿಸ್ಬುಡ್ತೀನಿ. ಬ್ರಹ್ಮ ಬಂದು ನೋಡಿದ್ರೂ ಗೊತ್ತಾಗಾಕಿಲ್ಲ."

ಅಕ್ಕ ಮುದ್ದೆಗೆ ಇನ್ನೊಂದು ಸೌಟು ತುಪ್ಪ ಹಾಕಿದಳು.

ಜನವರಿ ೨೩, ಗುರುವಾರ

ಅಂಗಡಿಗೆ ಯಾರೂ ಬರಲಿಲ್ಲ. ವಿದ್ಯೆಯನ್ನಾದರೂ ಬರೆದಿಡೋಣ.

ಸೇರಿಸುವುದು ಎಲ್ಲರಿಗೂ ಬರುತ್ತದೆ. ಸೇರಿಸಿದ್ದು ಕಾಣದ ಹಾಗೆ ಮಾಡುವುದರಲ್ಲೇ ಇರುವುದು ಕೈಚಳಕ. ಮೊದಲು ಬೆಳಕು ಯಾವ ಕಡೆಯಿಂದ ಬಿದ್ದಿದೆ ನೋಡಬೇಕು. ಎಡಗಡೆ ಬಿಸಿಲು ಬಿದ್ದವನ ಪಕ್ಕದಲ್ಲಿ ಬಲಗಡೆ ಬಿಸಿಲು ಬಿದ್ದವನನ್ನು ನಿಲ್ಲಿಸಿದರೆ ಆಕಾಶದಲ್ಲಿ ಎರಡು ಸೂರ್ಯ ಹುಟ್ಟಿದ ಹಾಗೆ. ಆಮೇಲೆ ಬಣ್ಣ. ಛತ್ರದ ದೀಪ ಹಳದಿ, ಮನೆಯ ಟ್ಯೂಬ್‌ಲೈಟು ನೀಲಿ, ಎರಡನ್ನೂ ಒಂದು ಹದಕ್ಕೆ ತರಬೇಕು. ಆಮೇಲೆ ತಲೆಗೂದಲಿನ ಅಂಚು. ಅಲ್ಲಿ ಕತ್ತರಿ ಆಡಿಸಿದ್ದು ಗೊತ್ತಾದರೆ ಮನುಷ್ಯ ರಟ್ಟಿನ ಬೊಂಬೆಯಾಗುತ್ತಾನೆ. ಎಲ್ಲಕ್ಕಿಂತ ಮುಖ್ಯ, ಕಾಲಡಿಯ ನೆರಳು.

ದುದ್ದ ಊರಿನವರೊಬ್ಬರು ಗೃಹಪ್ರವೇಶದ ಫೋಟೊಗೆ ಮಿಲಿಟರಿಯಲ್ಲಿರುವ ಮಗನನ್ನು ಸೇರಿಸಿಕೊಡಿ ಅಂದಿದ್ದರು. ಸೇರಿಸಿದೆ. ನೆರಳು ಹಾಕುವುದು ಮರೆತೆ. "ನನ್ ಮಗ ಯಾಕ್ ಸಾ ನೆಲ ಬುಟ್ಟು ನಿಂತವ್ನೆ?" ಅಂದರು. ಮಿಲಿಟರಿಯಲ್ಲಿ ಅಟೆನ್ಷನ್ ಅಂದರೆ ಹಾಗೇ ನಿಲ್ಲುವುದು ಅಂದೆ. ತಲೆಯಾಡಿಸಿಕೊಂಡು ಹೋದರು. ಒಳ್ಳೆಯ ಜನ.

ಫೆಬ್ರವರಿ ೨, ಭಾನುವಾರ

ಬಾಗೂರಿಗೆ ಕ್ಯಾಮೆರಾ ತೆಗೆದುಕೊಂಡು ಹೋಗಿ ಅಕ್ಕನ ಫೋಟೊ ತೆಗೆದೆ.

ಮದುವೆಗೆ ಅಂತ ತೆಗೆಸಿದ್ದ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬರಲು ಹೇಳಿ, ಹಿತ್ತಲ ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮುಂದೆ ನಿಲ್ಲಿಸಿದೆ. ಛತ್ರದಲ್ಲಿ ದೀಪ ಎಡಗಡೆಯಿಂದ ಬರುತ್ತದೆ, ಅದಕ್ಕೆ ಹೊತ್ತು ನೋಡಿಕೊಂಡು ಬಿಸಿಲು ಎಡಗೆನ್ನೆಗೆ ಬೀಳುವ ಹಾಗೆ ತಿರುಗಿಸಿದೆ. ಕೈಗೆ ಚೊಂಬು ಕೊಟ್ಟೆ. ಧಾರೆ ಹುಯ್ಯುವ ಹಾಗೆ ಬಗ್ಗಿಸಕ್ಕ ಅಂದೆ.

"ಯಾರ್ ಕೈ ಮ್ಯಾಲ್ ಉಯ್ಲಿ?"

"ಸುಮ್ಕೆ ಉಯ್ಯಕ್ಕ. ಕೈ ಆಮ್ಯಾಕ್ ನಾನ್ ಇಡ್ತೀನಿ."

"ಕೈ ಇಲ್ದೆ ಎಂಗ್ಲಾ ಉಯ್ಯಾದು? ಹಾಲು ನೆಲಕ್ಕೋಗ್ತದೆ."

"ನೀರ್ ಹಾಕ್ಕ ಅಂಗಾರೆ."

ಚೊಂಬಿನ ಹಾಲನ್ನು ಒಳಗಿಟ್ಟು ನೀರು ತುಂಬಿಕೊಂಡು ಬಂದಳು. ಹುಯ್ದಳು. ನಾನು ಫೋಟೊ ಒತ್ತುತ್ತಾ ಹೋದೆ. ನೀರು ನೆಲದ ಮೇಲೆ ಬಿದ್ದು ಅವಳ ಕಾಲಿನ ಕಡೆಗೇ ಹರಿದು ಬಂತು. ಸೀರೆ ಎತ್ತಿ ಹಿಡಿದುಕೊಂಡಳು. ಇನ್ನೊಂದು ಸಲ ಅಂದೆ. ಇನ್ನೊಂದು ಚೊಂಬು ತಂದಳು. ಪಕ್ಕದ ಮನೆಯ ಹೆಂಗಸು ಬೇಲಿ ಸಂದಿಯಿಂದ ನೋಡಿ, "ಏನ್ ಸುಬ್ಬಮ್ಮಕ್ಕ, ಗಿಡ ಇಲ್ದಿರೋ ಕಡೀಕೆ ನೀರ್ ಉಯ್ತಾ ಇದೀಯ?" ಅಂದಳು. ಅಕ್ಕ ನಕ್ಕಳು. ನಾನು, ಮುಖ ಗಂಭೀರವಾಗಿರಲಿ ಅಂತ ಬೈದೆ.

ಫೋಟೊ ಚೆನ್ನಾಗಿ ಬಂದಿವೆ. ಬಸ್ಸಿನಲ್ಲಿ ಮತ್ತೆ ಮತ್ತೆ ನೋಡಿಕೊಂಡು ಬಂದೆ. ಬೆಳಕು ಪಸಂದಾಗಿದೆ.

ಫೆಬ್ರವರಿ ೬, ಗುರುವಾರ

ಅಭ್ಯಾಸಕ್ಕೆ ಅಂತ ಯಾರದೋ ಹಳೆಯ ಮದುವೆಯ ಧಾರೆ ಫೋಟೊಗೆ ಅಕ್ಕನನ್ನು ಸೇರಿಸಿ ನೋಡಿದೆ. ಬೆಳಕು ಕೂಡಿತು. ಬಣ್ಣ ಕೂಡಿತು. ಕೂದಲಿನ ಅಂಚು ಒಂದೊಂದೇ ಎಳೆ ಬಿಡಿಸಿದೆ. ನೆರಳು ಹಾಕಿದೆ. ಚೊಂಬಿನಿಂದ ಬೀಳುವ ನೀರನ್ನು ಹಾಲು ಮಾಡಿದೆ. ನಮ್ಮ ಕಡೆ ಹಾಲನ್ನು ನೀರು ಮಾಡುವವರೇ ಜಾಸ್ತಿ, ನಾನು ಉಲ್ಟಾ.

ಆದರೂ ಏನೋ ಒಗ್ಗುತ್ತಿಲ್ಲ. ಊಟಕ್ಕೆ ಕರೆಯಲು ಬಂದ ಮನೆಯವಳು ಹಿಂದೆ ನಿಂತು ನೋಡಿದಳು.

"ಅತ್ಗೆ ಯಾಕ್ರೀ ಅಂಗ್ ನೋಡ್ತಾವ್ರೆ? ಏನೋ ಕಳಕಂಡೋರಂಗೆ."

ಅದೇ. ಕಣ್ಣು. ಧಾರೆ ಹುಯ್ಯುವವರ ಕಣ್ಣು ಮಗಳ ಕೈ ಮೇಲೆ ಇರುತ್ತದೆ. ಅಕ್ಕನ ಕಣ್ಣು ಹಿತ್ತಲ ನೆಲದ ಮೇಲಿತ್ತು. ಕಣ್ಣುಗುಡ್ಡೆಯನ್ನು ಒಂದು ಚೂರು ಆ ಕಡೆ ಸರಿಸಿದೆ. ಮೆಳ್ಳೆಗಣ್ಣಾಯಿತು. ಈ ಕಡೆ ಸರಿಸಿದೆ, ಕೋಪ ಬಂದವಳ ಹಾಗಾಯಿತು. ಬೇರೆ ಯಾರದೋ ಕಣ್ಣು ತಂದಿಟ್ಟೆ, ಅದು ಅಕ್ಕನೇ ಅಲ್ಲ.

ಊಟ ಮಾಡಿದೆ. ಸಾಫ್ಟ್‌ವೇರಿನಲ್ಲೇ ಏನೋ ಐಬಿದೆ.

ಫೆಬ್ರವರಿ ೧೫, ಶನಿವಾರ

ಚನ್ನರಾಯಪಟ್ಟಣದ ಛತ್ರದಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಮುಹೂರ್ತ. ಡ್ರೋನು ಬಾಡಿಗೆಗೆ ತರಿಸಿದ್ದೇನೆ, ನನ್ನ ಘನತೆಗೆ ಬೇಕಲ್ಲ. ವಿಡಿಯೊಗೆ ಅರಕಲಗೂಡಿನಿಂದ ಗುಂಡಯ್ಯ ಬಂದಿದ್ದಾನೆ.

ಎಲ್ಲ ನೆಂಟರ ಬಾಯಲ್ಲೂ ಒಂದೇ ಮಾತು. "ಸುಬ್ಬಮ್ಮ ಹಿಂದ್ಗಡೆ ಇರ್ಲಿ ಬುಡು, ರಂಗಸ್ವಾಮಿ ಆಮ್ಯಾಕ್ ಸೇರಿಸ್ಕತ್ತಾನೆ." ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು. ಅಯ್ಯೋ ಪಾಪ ಅನ್ನುತ್ತಿದ್ದವರಿಗೂ ಈಗ ಸಮಾಧಾನ. ಮೊದಲಿಗೆ ಹೆಮ್ಮೆಯಾಯಿತು. ಆಮೇಲೆ ಊಟ ಸೇರಲಿಲ್ಲ. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು.

ಫೆಬ್ರವರಿ ೧೮, ಮಂಗಳವಾರ

ಮದುವೆ ಮುಗಿದು ಎರಡು ದಿನ ಮಲಗಿದ್ದೆ. ನಡೆದದ್ದು ನಡೆದ ಹಾಗೇ ಬರೆಯುತ್ತೇನೆ.

ಸೋದರಮಾವನಾಗಿ ನಿಸರ್ಗಳ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ಛತ್ರದ ಕಣ್ಣೆಲ್ಲ ನನ್ನ ಮೇಲೇ ಇತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಅವಳನ್ನು ಕೂರಿಸಿ ಓಡಿ ಬಂದು ಕ್ಯಾಮೆರಾ ಹಿಡಿದೆ. ಗಂಡು ಹೆಣ್ಣಿನ ಕೈ ಜೋಡಿಸಿ ತೆಂಗಿನಕಾಯಿ ಇಟ್ಟರು. ಶಶಿಕುಮಾರನೂ ರೂಪಶ್ರೀಯೂ ಚೊಂಬು ಹಿಡಿದು ನಿಂತರು. ಕ್ಯಾಮೆರಾದೊಳಗಿಂದ ನೋಡಿದೆ. ನಿಸರ್ಗ ಮಂಟಪದಲ್ಲಿದ್ದವರನ್ನು ನೋಡುತ್ತಿರಲಿಲ್ಲ, ಊಟದ ಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಪರದೆ ಸಂದಿಯಲ್ಲಿ ಹಸಿರು ಸೀರೆಯ ಒಂದು ಅಂಚು ಕಾಣುತ್ತಿತ್ತು.

ಕ್ಯಾಮೆರಾವನ್ನು ಗುಂಡಯ್ಯನ ಕೈಗೆ ಕೊಟ್ಟೆ. "ಒತ್ತುತ್ತಾ ಇರು, ನಿಲ್ಲಿಸ್ಬ್ಯಾಡ" ಅಂದೆ. ಬಾಗಿಲ ಹತ್ತಿರ ಹೋದೆ.

"ಬಾ ಅಕ್ಕ."

"ಯಾಕ್ಲಾ? ಆಮ್ಯಾಕ್ ಸೇರಿಸ್ತೀನಿ ಅಂದಿದ್ದಲ್ಲ?"

"ಕಣ್ಣು ಕೂಡ್ತಾ ಇಲ್ಲ ಕಣಕ್ಕ. ಕಂಪ್ಯೂಟರ್ ಒಪ್ತಾ ಇಲ್ಲ. ಒಂದ್ಗಳಿಗೆ ನಿಂತು ಬಂದ್ಬುಡು."

"ಜನ ನೋಡ್ತಾರೆ ಕಣ್ಲಾ."

"ನೋಡ್ಲಿ. ನೋಡ್ಲಿ ಅಂತ ತಾನೆ ಇಷ್ಟ್ ಜನಕ್ಕೆ ಊಟ ಹಾಕ್ತಿರಾದು?"

ಕೈ ಹಿಡಿದುಕೊಂಡೆ. ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ನಾನು ಎಳೆಯಲಿಲ್ಲ, ಬಿಡಲೂ ಇಲ್ಲ. ಓಲಗದವರು ಬಾರಿಸುತ್ತಲೇ ಇದ್ದರು, ಮಾತು ಮಾತ್ರ ನಿಂತುಹೋಯಿತು. ಗಂಡಿನ ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಅಕ್ಕ ಹತ್ತಿದಳು. ರೂಪಶ್ರೀ ತನ್ನ ಕೈಲಿದ್ದ ಚೊಂಬನ್ನು ಅಕ್ಕನ ಕೈಗೆ ಇಟ್ಟಳು. ಶಶಿಕುಮಾರ ಒಂದು ಹೆಜ್ಜೆ ಹಿಂದೆ ಸರಿದ. ಪುರೋಹಿತರು ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಮಂತ್ರ ಮುಂದುವರಿಸಿದರು. ಅಕ್ಕ ಮಗಳ ಕೈ ಮೇಲೆ ಹಾಲು ಹುಯ್ದಳು.

ಹುಯ್ದು ಇಳಿಯಲು ಹೋದಳು. "ಅಮ್ಮ ಇಳುದ್ರೆ ನಾನೂ ಇಳೀತೀನಿ" ಅಂದಳು ನಿಸರ್ಗ, ಮೆಲ್ಲಗೆ, ಆದರೆ ಮಂಟಪದಲ್ಲಿದ್ದವರಿಗೆಲ್ಲ ಕೇಳುವ ಹಾಗೆ. ಹಾಗಾಗಿ ಕೊನೆಯವರೆಗೆ ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ನಾನು ಇದನ್ನೆಲ್ಲ ಮಾಡಿದ್ದು ಕೆಲಸ ಉಳಿಸುವುದಕ್ಕೆ. ಒಂದು ಜೊತೆ ಕಣ್ಣಿಗೋಸ್ಕರ ವಾರಗಟ್ಟಲೆ ಕೂರುವವರು ಯಾರು? ಬೇರೆ ಥರ ಯಾರೂ ತಿಳಿಯಬಾರದು.

ಫೆಬ್ರವರಿ ೨೫, ಮಂಗಳವಾರ

ಬೀಗರು ರವೀಂದ್ರ ಅಂಗಡಿಗೆ ಬಂದಿದ್ದರು. ಟೀ ತರಿಸಿದೆ. ಲೋಟ ತಿರುಗಿಸುತ್ತಾ ಕೂತಿದ್ದರು.

"ರಂಗಸ್ವಾಮಣ್ಣ, ಬೇಜಾರ್ ಮಾಡ್ಕೋಬ್ಯಾಡಿ. ನಮ್ಮವ್ವ ಊಟ ಬುಟ್ಟು ಕುಂತವ್ರೆ. ಆಲ್ಬಮ್ ತಗುದ್ರೆ ಮೊದಲ್ನೇ ಹಾಳೇಲೇ ಸುಬ್ಬಮ್ಮೋರು ಕಾಣುಸ್ತಾರೆ, ಶುಭ ಅಲ್ಲ ಅಂತ. ನಾನ್ ಅಂಗೆಲ್ಲ ನಂಬೋನಲ್ಲ. ಆದ್ರೆ ಮನೇಲಿ ಇರ್ಬೇಕಲ್ಲ."

"ಏನ್ ಮಾಡ್ಬೇಕು ಹೇಳಿ."

"ಅವ್ರನ್ನ ತಗದು ಆ ಜಾಗಕ್ಕೆ ಶಶಿಕುಮಾರಣ್ಣ ಗಂಡ ಹೆಂಡ್ತೀನ ನಿಲ್ಸ್‌ಬುಡಿ. ನಿಮಗೇನ್ ದೊಡ್ ಕೆಲ್ಸವಾ? ಯಾರಿಗೂ ಗೊತ್ತಾಗಲ್ಲ ಅಂತ ನೀವೇ ಹೇಳಿದ್ದು. ಅಡ್ವಾನ್ಸ್ ಕೊಟ್ಟಿದೀನಲ್ಲ, ಆಲ್ಬಮ್ ಬಂದ ದಿನವೇ ಮಿಕ್ಕಿದ್ದೂ ಪೂರ್ತಿ."

ಕೆಟ್ಟ ಮನುಷ್ಯ ಅಲ್ಲ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಸಲ, "ಬೇಜಾರ್ ಮಾಡ್ಕೋಬ್ಯಾಡಿ" ಅಂದರು.

ಫೆಬ್ರವರಿ ೨೮, ಶುಕ್ರವಾರ

ಮಾಡಿದೆ. ಆಗುತ್ತದೋ ಇಲ್ಲವೋ ನೋಡೋಣ ಅಂತ ಕೂತವನು ಮಾಡಿಯೇ ಎದ್ದೆ.

ಅಕ್ಕನನ್ನು ಕತ್ತರಿಸಿ ತೆಗೆದೆ. ಅವಳ ಹಿಂದೆ ಇದ್ದ ಹೂವಿನ ಅಲಂಕಾರವನ್ನು ಆ ಕಡೆ ಈ ಕಡೆಯಿಂದ ತಂದು ಮುಚ್ಚಿದೆ. ಶಶಿಕುಮಾರನನ್ನೂ ರೂಪಶ್ರೀಯನ್ನೂ ಇನ್ನೊಂದು ಫೋಟೊದಿಂದ ತಂದು ನಿಲ್ಲಿಸಿದೆ. ಅದೇ ಛತ್ರ, ಅದೇ ದೀಪ, ಅದೇ ದಿನ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ನಿಸರ್ಗ ತಲೆ ಎತ್ತಿ ಅಮ್ಮನನ್ನು ನೋಡುತ್ತಿದ್ದದ್ದು ಈಗ ಚಿಕ್ಕಮ್ಮನನ್ನು ನೋಡಿದ ಹಾಗೆಯೇ ಇತ್ತು. ಕಣ್ಣು ಕೂಡಿತ್ತು.

ಒಂದು ಮಾತ್ರ ಉಳಿದಿತ್ತು. ನಿಸರ್ಗಳ ಎಡಗೆನ್ನೆ ಸ್ವಲ್ಪ ಹಸಿರಾಗಿ ಕಾಣುತ್ತಿತ್ತು. ಬಿಳಿ ಧಾರೆ ಸೀರೆಯ ತೋಳಿನ ಮೇಲೂ ಅಷ್ಟೇ. ಮೊದಲು ದೀಪದ ದೋಷ ಅಂದುಕೊಂಡೆ. ದೊಡ್ಡದು ಮಾಡಿ ನೋಡಿದಾಗ ತಿಳಿಯಿತು. ಅಕ್ಕ ಹತ್ತಿರ ನಿಂತಿದ್ದಳಲ್ಲ, ಅವಳ ಸೀರೆಯ ಬಣ್ಣ ಮಗಳ ಮೇಲೆ ಬಿದ್ದಿದೆ. ಸೀರೆ ತೆಗೆದ ಮೇಲೂ ಬಣ್ಣ ಅಲ್ಲೇ ಉಳಿದುಕೊಂಡಿತ್ತು. ಬಿಟ್ಟರೆ ಗೊತ್ತಾಗಿಬಿಡುತ್ತದೆ. ಸಣ್ಣ ಬ್ರಷ್ ತೆಗೆದುಕೊಂಡು ಕೆನ್ನೆ ಒರೆಸಿದೆ, ತೋಳು ಒರೆಸಿದೆ.

ಇಷ್ಟು ಚೆನ್ನಾದ ಕೆಲಸವನ್ನು ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ಮನೆಯವಳನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಚೆನ್ನಾಗೈತೆ" ಅಂದಳು. "ಅತ್ಗೆ ಬಂದೇ ಇರ್ಲಿಲ್ವೇನೋ ಅನ್ನಂಗೈತೆ."

ಒಳಗೆ ಹೋದಳು. ಅವಳಿಗೆ ಕಲೆ ಅರ್ಥವಾಗುವುದಿಲ್ಲ. ಮಾಮೂಲಿಯಾಗಿ ಇಂಥದ್ದು ಮಾಡಿದ ದಿನ ಟೀ ಅಂಗಡಿಗೆ ಹೋಗಿ ಫೋನಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ಬರುತ್ತೇನೆ. ಇವತ್ತು ಬಿಸಿಲು ಜೋರಾಗಿತ್ತು, ಹೋಗಲಿಲ್ಲ.

ಮಾರ್ಚ್ ೨, ಭಾನುವಾರ

ಅಕ್ಕ ಫೋನ್ ಮಾಡಿದ್ದಳು. ಯಾರು ಹೇಳಿದರೋ, ವಿಷಯ ಮುಟ್ಟಿದೆ.

"ನನ್ನ ತಗದ್ಬುಡ್ಲಾ ರಂಗ. ಅವ್ಳು ಬಾಳ್ಬೇಕಾದ ಮನೆ ಅದು. ನಾನ್ ಅಲ್ಲಿ ನಿಂತಿದ್ದು ನಂಗೊತ್ತಲ್ಲ, ಅಷ್ಟು ಸಾಕು. ಬೀಗ್ರತ್ರ ಮಾತ್ ಬೆಳ್ಸ್‌ಬ್ಯಾಡ. ನೀನ್ ಬ್ಯಾಡ ಅಂದ್ರೆ ಅವ್ರು ಅವಳ್ನ ಅಂತಾರೆ."

"ಆಗಾಕಿಲ್ಲ ಅಕ್ಕ."

"ಯಾಕ್ ಆಗಾಕಿಲ್ಲ?"

"ನಂಗ್ ಬರಾಕಿಲ್ಲ."



"ನಿಂಗ್ ಬರಾಕಿಲ್ವಾ?" ಅಂದಳು ಅಕ್ಕ. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಈ ಮಾತು ಕೇಳಿದವಳಲ್ಲ.

"ಸೇರಿಸಾದ್ ಬತ್ತದೆ. ತಗಿಯಾದ್ ಬ್ಯಾರೆ ವಿದ್ಯೆ ಕಣಕ್ಕ. ಅದುನ್ನ ದೊಡ್ ಊರಲ್ಲಿ ಕಲೀಬೇಕು. ನಾನ್ ಓದಿರಾದು ಏಳ್ನೇ ಕ್ಲಾಸು."

ಯಾಕೆ ಹಾಗೆ ಬಾಯಿಗೆ ಬಂತೋ. ಆದರೆ ಯೋಚಿಸಿ ನೋಡಿದರೆ ಒಳ್ಳೆಯ ಉಪಾಯವೇ. ಮಾಡೋದಿಲ್ಲ ಅಂದರೆ ಜಗಳ, ನಿಸರ್ಗಳ ತಲೆಗೆ ಬರುತ್ತದೆ. ಬರೋದಿಲ್ಲ ಅಂದರೆ ಯಾರ ಮೇಲೆ ಯಾರು ಕೋಪ ಮಾಡಿಕೊಳ್ಳುತ್ತಾರೆ?

ಸಾಯಂಕಾಲ, ಅಕ್ಕನನ್ನು ತೆಗೆದು ಮಾಡಿದ್ದ ಆ ಫೈಲನ್ನು ಅಳಿಸಿದೆ. ಅಳಿಸಲೇ ಅಂತ ಕಂಪ್ಯೂಟರು ಎರಡು ಸಲ ಕೇಳಿತು.

ಮಾರ್ಚ್ ೫, ಬುಧವಾರ

ಮಂಡಿ ನೋವು. ಆಲ್ಬಮ್ಮನ್ನು ಇದ್ದದ್ದು ಇದ್ದ ಹಾಗೇ ಪ್ರಿಂಟಿಗೆ ಹಾಸನಕ್ಕೆ ಕಳಿಸಿದೆ.

ಮಾರ್ಚ್ ೧೬, ಭಾನುವಾರ

ಆಲ್ಬಮ್ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ರವೀಂದ್ರ ಮೊದಲನೇ ಹಾಳೆ ತೆಗೆದರು. ಎರಡು ಪುಟಕ್ಕೂ ಹರಡಿಕೊಂಡು ಒಂದೇ ಫೋಟೊ. ಅಕ್ಕ, ನಿಸರ್ಗ, ನಡುವೆ ಹಾಲಿನ ಎಳೆ.

"ಇದೇನ್ ರಂಗಸ್ವಾಮಣ್ಣ?"

"ಪ್ರಯತ್ನ ಪಟ್ಟೆ ಬೀಗ್ರೆ. ಆಗ್ಲಿಲ್ಲ. ತಗುದ್ರೆ ಜಾಗ ಬೋಳಾಗಿ ಕಾಣ್ತದೆ. ನಂಗೆ ಅಷ್ಟು ಬರಾಕಿಲ್ಲ."

"ಮತ್ತೆ ಅವತ್ತು ಅಷ್ಟೊಂದ್ ಹೇಳ್ಕತಿದ್ರಿ?"

"ಬರೀ ಬಾಯಿ. ನಮ್ಮನೆಯೋಳ್ನೇ ಕೇಳಿ ಬೇಕಾದ್ರೆ."

ಫೈಲ್ ಕೊಡಿ, ಬೇರೆ ಕಡೆ ಮಾಡಿಸುತ್ತೇನೆ ಅಂದರು. ಡಿಸ್ಕು ಸುಟ್ಟುಹೋಯಿತು ಅಂದೆ. ಅವರ ಮುಖ ಕೆಂಪಾಯಿತು. ಕೆಲಸ ಬರದವನು ಯಾಕೆ ಒಪ್ಪಿಕೊಳ್ಳಬೇಕಿತ್ತು, ಈ ಆಲ್ಬಮ್ ನಮಗೆ ಬೇಡ, ಅಡ್ವಾನ್ಸು ವಾಪಸು ಕೊಡಿ ಅಂದರು. ನ್ಯಾಯವಾಗಿಯೇ ಕೇಳಿದರು. ಗಂಡಿನ ಅಜ್ಜಿ ಒಳಗಿನಿಂದ, "ಪಾಪ, ಬರ್ದಿದ್ರೆ ಏನ್ ಮಾಡ್ತಾನೆ ಬುಡೋ" ಅಂದದ್ದು ಕೇಳಿಸಿತು. ಮಜ್ಜಿಗೆ ಕೊಟ್ಟು ಕಳಿಸಿದರು.

ನಿಸರ್ಗ ಬಾಗಿಲವರೆಗೆ ಬಂದಳು. ಅವಳಿಗೆ ಕಂಪ್ಯೂಟರು ನನಗಿಂತ ಚೆನ್ನಾಗಿ ಗೊತ್ತು.

"ಮಾವ, ನಿಂಗೆ ಬರಾಕಿಲ್ವಾ?"

"ಇಲ್ಲ ಕಣಮ್ಮ."

ನನ್ನ ಮುಖ ನೋಡಿದಳು. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಆಲ್ಬಮ್ಮಿನ ಚೀಲವನ್ನು ಗಾಡಿಗೆ ಸರಿಯಾಗಿ ಕಟ್ಟಿಕೊಟ್ಟಳು. "ಬಾಗೂರ್ ಮ್ಯಾಲೇ ಓಗು ಮಾವ" ಅಂದಳು.

ಬಾಗೂರಿಗೆ ಹೋದೆ. ಇದು ನಮ್ಮ ಕಡೆಯವರ ಕಾಪಿ ಅಂತ ಅಕ್ಕನಿಗೆ ಕೊಟ್ಟೆ. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಚಾಪೆಯ ಮೇಲೆ ಇಟ್ಟು ತೆಗೆದಳು. ಮೊದಲನೇ ಹಾಳೆಯಲ್ಲೇ ನಿಂತುಬಿಟ್ಟಳು. ಮುಂದಿನದು ತಿರುಗಿಸಕ್ಕ, ಡ್ರೋನಿನಲ್ಲಿ ತೆಗೆದದ್ದು ಇದೆ ಅಂದೆ. ಕೇಳಿಸಲಿಲ್ಲ.

"ಸೇರಿಸಿದಂಗೆ ಕಾಣಾದೇ ಇಲ್ವಲ್ಲೋ" ಅಂದಳು.

"ಸೇರಿಸಿಲ್ಲ ಕಣಕ್ಕ. ನೀನೇ ನಿಂತಿದ್ದು."

"ಊಂ. ನೆಪ್ಪೈತೆ" ಅಂದಳು. ಆದರೂ ಬೆರಳಿಟ್ಟು ತನ್ನ ಫೋಟೊದ ಅಂಚನ್ನು ಮುಟ್ಟಿ ನೋಡಿದಳು.

ಮಾರ್ಚ್ ೨೪, ಸೋಮವಾರ

ಸುದ್ದಿ ಊರೆಲ್ಲ ಹಬ್ಬಿದೆ. ರಂಗಸ್ವಾಮಿಗೆ ಕೆಲಸ ಬರುವುದಿಲ್ಲವಂತೆ. ಒಬ್ಬರು ನಾಮಕರಣದ ಕೆಲಸ ವಾಪಸು ತೆಗೆದುಕೊಂಡರು. ಟೀ ಅಂಗಡಿಯಲ್ಲಿ, "ಏನ್ ರಂಗಣ್ಣ, ಕಂಪ್ಯೂಟರ್ ಕೈ ಕೊಡ್ತಂತೆ?" ಅಂತ ಕಿಚಾಯಿಸಿದರು. ನಿಜ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು, ವಯಸ್ಸಾಯ್ತಲ್ಲಪ್ಪ ಅಂದೆ. ಹೊಗಳಿಕೊಳ್ಳುವುದಕ್ಕಿಂತ ಇದು ಕಷ್ಟದ ಕೆಲಸ, ಆದರೆ ಇದರಲ್ಲೂ ನನ್ನನ್ನು ಮೀರಿಸುವವರಿಲ್ಲ.

ಎಷ್ಟು ಹೋಯಿತು ಅಂತ ಎಲ್ಲರೂ ಕೇಳುತ್ತಾರೆ. ಟೀ ಅಂಗಡಿಯವರಿಗೆ ಐದು ಸಾವಿರ ಅಂದಿದ್ದೇನೆ. ಮನೆಯವಳಿಗೆ ಹದಿನೈದು ಅಂದಿದ್ದೇನೆ. ಅವಳು ನಂಬಿಲ್ಲ, ಮತ್ತೆ ಕೇಳಲೂ ಇಲ್ಲ. ಅಕ್ಕನಿಗೆ, ಬೀಗರು ಪೂರ್ತಿ ಕೊಟ್ಟರು ಅಂದಿದ್ದೇನೆ. ಪ್ರಿಂಟು, ಡ್ರೋನು, ಗುಂಡಯ್ಯನ ಕೂಲಿ, ತಿರುಗಿ ಕೊಟ್ಟ ಅಡ್ವಾನ್ಸು ಎಲ್ಲ ಸೇರಿ ಹೋದದ್ದು ಅರವತ್ತೆಂಟು ಸಾವಿರದ ನಾನೂರು ರೂಪಾಯಿ.